ಎರಡು ಕಡೆಗೂ ಬಲಪ್ರಸಾದ

ಸಂಜೆ ಪಾಳಿ ಬಿಡುವ ಹೊತ್ತಿಗೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ನನ್ನ ಮೊಮ್ಮಗಳು ಪ್ರತೀಕ್ಷಾ ಕೂತಿರುವುದನ್ನು ನೀವು ನೋಡಬೇಕಿತ್ತು. ಗುಜರಾತಿನ ಈ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಿಂದ ಜನ ಒಮ್ಮೆಲೇ ಹೊರಗೆ ಬರುತ್ತಾರೆ. ಅವತ್ತು ಮಿಲ್ಲಿನಲ್ಲಿ ಯಾವ ಬಣ್ಣ ಓಡಿತ್ತೋ ಅದು ಅವರ ಉಗುರಿನ ಸಂದಿಯಲ್ಲಿ ಇರುತ್ತದೆ. ಗಂಜಾಮಿನವರು, ಬಿಹಾರದವರು, ಖಾನ್‌ದೇಶದವರು, ತೆಲುಗಿನವರು. ಎಲ್ಲರಿಗೂ ಹಸಿವು, ಎಲ್ಲರಿಗೂ ಅವಸರ. ಪಚ್ಚು ಒಂದು ಕೈಯಲ್ಲಿ ಟೋಕನ್ ಕೊಡುತ್ತ, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ, ಎದುರಿನವನಿಗೆ ಒಡಿಯಾದಲ್ಲಿ "ಖಾಇಲ ಕಿ?" ಅನ್ನುತ್ತಾಳೆ, ಊಟ ಆಯಿತಾ ಅಂತ. ಅವನ ಹಿಂದಿನವನಿಗೆ ಭೋಜಪುರಿಯಲ್ಲಿ "ಕಾ ಹಾಲ್ ಬಾ, ಚಾಚಾ?" ಅನ್ನುತ್ತಾಳೆ, ಹೇಗಿದ್ದೀರಿ ಅಂತ. ಮೂರನೆಯವನಿಗೆ ಮರಾಠಿ. ಪಚ್ಚು ಅಂದರೆ ಅವಳೇ, ಮನೆಯಲ್ಲಿ ನಾವು ಕರೆಯುವ ಹೆಸರು. ದಿನವಿಡೀ ಯಂತ್ರದ ಸದ್ದಿನಲ್ಲಿ ನಿಂತು ಬಂದ ಗಂಡಸರ ಮುಖ ತಮ್ಮ ಊರಿನ ಒಂದು ಮಾತಿಗೆ ಹೇಗೆ ಸಡಿಲವಾಗುತ್ತದೆ ಎನ್ನುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು, ಬೇಳೆ ಆರಿಸುತ್ತ, ಎಷ್ಟೋ ವರ್ಷದಿಂದ ನೋಡಿದ್ದೇನೆ.

ಕನ್ನಡ ಮಾತ್ರ ಅವಳ ಬಾಯಲ್ಲಿ ಸ್ವಲ್ಪ ಕುಂಟುತ್ತದೆ. ಅದಕ್ಕೆ ನಾನು ನಗುತ್ತೇನೆ, ಅವಳೂ ನಗುತ್ತಾಳೆ.

ನನ್ನ ಗಂಡ ಪದ್ಮನಾಭ ಬೈಂದೂರು ಕಡೆಯಿಂದ ಬಂದು ಈ ಹೋಟೆಲು ಶುರು ಮಾಡಿದಾಗ ಇಲ್ಲಿ ಇಷ್ಟು ಮಿಲ್ಲುಗಳಿರಲಿಲ್ಲ. ಅವರು ಗಿರಾಕಿಗಳ ಹತ್ತಿರ ಎರಡೇ ಮಾತು ಆಡುತ್ತಿದ್ದರು, "ಬೈಠೋ" ಮತ್ತು "ಔರ್ ಕುಛ್?" ಅಷ್ಟರಲ್ಲೇ ಹೋಟೆಲು ನಡೆಯಿತು. ನನ್ನ ಮಗ ಗಣೇಶನಿಗೆ ಹಿಂದಿ, ಗುಜರಾತಿ ಚೆನ್ನಾಗಿ ಬಂತು. ಈ ಹುಡುಗಿಗೆ ಅದೂ ಸಾಲಲಿಲ್ಲ. ಅವಳು ಆರನೆಯ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೇಳಿದಳು: "ಅಜ್ಜಿ, ಆ ಇಬ್ಬರೂ ಒಡಿಯಾ ಅಂತಾರಲ್ಲ, ಮತ್ತೆ ಇವರ ಮಾತು ಅವರ ಮಾತು ಸೇಮ್ ಯಾಕೆ ಇಲ್ಲ?" ನನಗೇನು ಗೊತ್ತು? ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಅವಳು ಸೀದಾ ಅವರನ್ನೇ ಕೇಳಿದಳು. ಒಬ್ಬ ಗಂಜಾಮಿನವನು, ಇನ್ನೊಬ್ಬ ಕಟಕದವನು. ಇಬ್ಬರೂ ತಿಂಡಿ ಬಿಟ್ಟು ಯಾರ ಮಾತು ಸರಿ ಅಂತ ಜಗಳಕ್ಕೆ ನಿಂತರು.

ಆಮೇಲೆ ಅವಳಿಗೆ ಒಂದು ಹುಚ್ಚು ಹಿಡಿಯಿತು. ಹೊಸ ಗಿರಾಕಿ ಬಂದರೆ ಫೋನು ಮುಂದಿಟ್ಟು, "ನಾನು ಉಂಡು ಬಂದೆ, ನಿನ್ನದಾಯಿತಾ? ಇದನ್ನು ನಿಮ್ಮ ಮನೆಯ ಮಾತಿನಲ್ಲಿ ಹೇಳಿ" ಅನ್ನುತ್ತಿದ್ದಳು. ಎಲ್ಲರ ಹತ್ತಿರವೂ ಅದೇ ಒಂದು ಮಾತು. ಕೆಲವರು ನಾಚಿದರು. ಕೆಲವರು ಹೇಳುವಾಗ ಊರು ನೆನಪಾಗಿ ಸುಮ್ಮನಾದರು. ಸ್ವಲ್ಪ ದಿನಕ್ಕೆ ಅವರೇ ಊರಿನಿಂದ ಬಂದ ಹೊಸಬರನ್ನು ಕೈಹಿಡಿದು ಕರೆತಂದು, "ಬೇಟೀ, ಇವನ ಮಾತು ನಿನ್ನ ಹತ್ತಿರ ಇಲ್ಲ, ತಗೋ" ಅನ್ನತೊಡಗಿದರು. ತರಕಾರಿ ತಂದು ಕೊಟ್ಟ ಹಾಗೆ.

ಹನ್ನೆರಡನೇ ಕ್ಲಾಸು ಮುಗಿಯಿತು. ವಡೋದರಾದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಗಣೇಶ ಅವತ್ತು ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಪುಕ್ಕಟೆ ಕೊಟ್ಟ. ನನ್ನ ಕಿರಿಯ ಮಗ ಕಿರಣ ವಡೋದರಾದ ಪಕ್ಕದಲ್ಲೇ ಕೊಯಾಲಿಯ ರಿಫೈನರಿಯಲ್ಲಿ ಕೆಲಸದಲ್ಲಿದ್ದಾನೆ. ಟೌನ್‌ಶಿಪ್ಪಿನ ಅವನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿ ಮಾಡಿ ಹೊಸ ಪರದೆ ಹಾಕಿಸಿದ್ದೂ ಆಯಿತು. ಶನಿವಾರ ಸಂಜೆಯ ರೈಲಿಗೆ ಹತ್ತಿದರೆ ರಾತ್ರಿ ಊಟಕ್ಕೆ ಮಗಳು ಮನೆಯಲ್ಲಿರುತ್ತಾಳೆ ಎನ್ನುವುದು ಗಣೇಶನ ಲೆಕ್ಕ.

ಅಷ್ಟರಲ್ಲಿ ಒಂದು ಬುಧವಾರ ಹೈದರಾಬಾದಿನಲ್ಲೂ ಸೀಟು ಸಿಕ್ಕಿದೆ ಅಂತ ಫೋನಿಗೆ ಸುದ್ದಿ ಬಂತು. ಅಲ್ಲಿ ಕೇಂದ್ರ ಸರಕಾರದ ದೊಡ್ಡ ವಿಶ್ವವಿದ್ಯಾಲಯ. ಐದು ವರ್ಷದ ಓದು. ಓದುವುದು ಭಾಷೆಗಳ ಬಗ್ಗೆ. ಒಂದು ಭಾಷೆ ಕಲಿಯುವುದಲ್ಲ, ಜನರ ಬಾಯಲ್ಲಿ ಮಾತು ಹೇಗೆ ಹುಟ್ಟುತ್ತದೆ, ಊರಿಂದೂರಿಗೆ ಹೇಗೆ ಬದಲಾಗುತ್ತದೆ, ಅದನ್ನು. ಅವಳು ಅದಕ್ಕೆ ಪರೀಕ್ಷೆ ಬರೆದದ್ದು ಎಲ್ಲರಿಗೂ ಗೊತ್ತಿತ್ತು, ಸಿಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಸೋಮವಾರ ರಾತ್ರಿಯೊಳಗೆ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಗಣೇಶ ಫೋನು ನೋಡಿದ, ಮಗಳನ್ನು ನೋಡಿದ. "ಮಾತು ಕಲೀಲಿಕ್ಕೆ ಐದು ವರ್ಷವಾ? ನೀನು ಹುಟ್ಟಿದ ಮೇಲೆ ಬಾಯಿ ಮುಚ್ಚಿದ್ದೇ ಇಲ್ಲವಲ್ಲ, ಪಚ್ಚು!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಊಟಕ್ಕೆ ಕೂತಾಗ ಅವಳು ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದುದನ್ನು ನಾನು ನೋಡಿದೆ. ಸೌಮ್ಯಾಳೂ ನೋಡಿದಳು. ಸೌಮ್ಯಾ ನನ್ನ ಸೊಸೆ, ಪಚ್ಚುವಿನ ತಾಯಿ. ಮಾತು ಕಡಿಮೆ. ಅವಳು ಗಂಡನನ್ನು ಮಾತ್ರ ಕೇಳಿದಳು: "ಹೋದರೆ ಎಂತ ಆಗ್ತದೆ?"

"ಎಂತ ಆಗ್ತದೆ ಅಂದ್ರೆ? ಅಲ್ಲಿ ನಮ್ಮವರು ಯಾರಿದ್ದಾರೆ? ಜ್ವರ ಬಂದರೆ ಯಾರಿಗೆ ಫೋನ್ ಮಾಡುವುದು? ಐದು ವರ್ಷ ಓದಿ ಹೊರಗೆ ಬಂದ ಮೇಲೆ ಎಂತ ಕೆಲಸ?"

"ಪಪ್ಪಾ, ನಾನು ಇನ್ನೂ ಯೆಸ್ ಹೇಳಲಿಲ್ಲ" ಅಂದಳು ಪಚ್ಚು. "ನನಗೂ ಗೊತ್ತಾಗ್ತಾ ಇಲ್ಲ."

ಅದು ನಿಜ. ಅವಳಿಗೆ ಹೋಗುವ ಆಸೆ ಇತ್ತು, ಹೋಗಲು ಹೆದರಿಕೆಯೂ ಇತ್ತು. ಒಮ್ಮೆಯೂ ಮನೆ ಬಿಟ್ಟು ಮಲಗಿದವಳಲ್ಲ.

ನಮ್ಮ ಕಡೆ ಮನಸ್ಸು ಹೀಗೆ ಎರಡಾದಾಗ ದೇವರಲ್ಲಿ ಪ್ರಸಾದ ಕೇಳುವುದುಂಟು. ಊರಿನ ದುರ್ಗೆಯ ಮೂರ್ತಿಗೆ ಎರಡೂ ಕಡೆ ಹೂವು ಏರಿಸಿರುತ್ತಾರೆ. ಭಟ್ಟರು ನಮ್ಮ ಪ್ರಶ್ನೆಯನ್ನು ದೇವಿಗೆ ಹೇಳಿ ಕಾಯುತ್ತಾರೆ. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಈ ಹೋಟೆಲಿನ ಜಾಗ ಕೊಳ್ಳುವಾಗಲೂ, ಗಣೇಶನ ಮದುವೆಗೂ ಕೇಳಿಯೇ ಮಾಡಿದ್ದು. ಆಗ ಊರಿಗೆ ಹೋಗಬೇಕಿತ್ತು. ಈಗ ಭಟ್ಟರಿಗೆ ಫೋನು ಮಾಡಿದರೆ ಸಾಕು.

ಶುಕ್ರವಾರ ಬೆಳಿಗ್ಗೆ, ತಿಂಡಿಯ ಗದ್ದಲ ಸ್ವಲ್ಪ ಇಳಿದಿತ್ತು. ಗಣೇಶ ಚಟ್ನಿಗೆ ಒಗ್ಗರಣೆ ಇಟ್ಟಿದ್ದ. ಫೋನು ಬಡಿಯಿತು. ಅವನ ಕೈ ಎಣ್ಣೆಯಾಗಿದ್ದರಿಂದ ಪಚ್ಚುವೇ ಸ್ಪೀಕರಿಗೆ ಹಾಕಿದಳು. ಊರಿನ ಸತ್ಯಪ್ರಕಾಶ ಭಟ್ಟರು.

"ಗಣೇಶಾ, ಪ್ರಸಾದ ಆಯ್ತ್ ಮಾರಾಯ. ನೀನ್ ಕೇಂಡದ್ದ್, ಹೆಣ್ಣ್ ವಡೋದರದಲ್ಲೇ ಓದುದಾ ಅಂದೇಳಿ. ಬಲ ಬಂತ್."

ಗಣೇಶನ ಮುಖ ನೋಡಬೇಕಿತ್ತು. ಸೌಟು ಹಿಡಿದೇ ನನ್ನ ಕಡೆ ತಿರುಗಿದ. "ಕೇಳಿದ್ಯಾ ಅಮ್ಮ? ಬಲ!"

"ತಡಿ, ತಡಿ" ಅಂದರು ಭಟ್ಟರು. ಅವರ ದನಿ ಸಣ್ಣದಾಯಿತು. "ಇನ್ನೊಂದ್ ಇತ್ತ್. ನನ್ನ ಹೆಂಡ್ತಿ ಪದ್ಮಾವತಿ ಇವತ್ತ್ ಒಂದ್ ಪ್ರಸಾದ ಕೇಣಿ ಅಂದಿದ್ಲ್. ಪೈಕಿಯವ್ರ್ ಒಬ್ಬ್ರ್ ಹೇಳಿದ್ದ್ರ್, ಒಂದ್ ಹೆಣ್ಣ್ ಹೈದರಾಬಾದಿಗ್ ಓದುಕೆ ಹೋಪುದಾ ಅಂದೇಳಿ. ಯಾವ ಮನೆ ಅಂದೇಳಿ ನಾನ್ ಕೇಣ್ಲಿಲ್ಲ. ಅದ್ಕೂ ಬಲವೇ ಬಂತ್. ಈಗ ಕಾಫಿ ಕುಡಿವತ್ತಿಗೆ ಹೇಳ್ತ್ಳ್, ಎರಡೂ ಒಂದೇ ಹೆಣ್ಣ್ ಅಂಬ್ರ್!"

ಒಗ್ಗರಣೆಯ ಸಾಸಿವೆ ಚಟಪಟ ಅನ್ನುತ್ತಿತ್ತು.

"ಯಾರು ಕೇಳಿದ್ದು?" ಅಂದ ಗಣೇಶ.

ಸೌಮ್ಯಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಾನು."

"ನನಗೆ ಹೇಳದೆಯಾ?"

"ನೀವು ನನಗೆ ಹೇಳಿ ಕೇಳಿದ್ರಾ?"

 ಚಟ್ನಿಯ ಒಗ್ಗರಣೆ ಸೀದು ವಾಸನೆ ಬಂತು. ಮೂಲೆಯ ಮೇಜಿನಲ್ಲಿ ಟೀ ಕುಡಿಯುತ್ತಿದ್ದ ಗಂಜಾಮಿನ ಮುದುಕ ಹೆದರಿ, "ಕ್ಯಾ ಹುವಾ ಬೇಟೀ?" ಅಂದ.

"ಕುಛ್ ನಹೀಂ ಮೌಸಾ" ಅಂದಳು ಪಚ್ಚು. "ಪಪ್ಪಾ ಔರ್ ಮಮ್ಮಿ ನೇ ಅಲಗ್ ಅಲಗ್ ಪೂಛಾ. ಭಗವಾನ್ ನೇ ದೋನೋಂ ಕೋ ಹಾಂ ಬೋಲ್ ದಿಯಾ."

ದೇವರು ಇಬ್ಬರಿಗೂ ಹೌದು ಅಂದ ಕಥೆ ಕೇಳಿ ಮುದುಕ ಯೋಚಿಸಿ, "ಭಗವಾನ್ ಭೀ ಘರ್‌ವಾಲಾ ಹೈ" ಅಂದ. ದೇವರಿಗೂ ಸಂಸಾರ ಇದೆಯಲ್ಲ ಎನ್ನುವ ಅರ್ಥದಲ್ಲಿ. ಸೌಮ್ಯಾ ಮುಖ ತಿರುಗಿಸಿಕೊಂಡು ನಕ್ಕಳು. ಈರುಳ್ಳಿಯ ನೀರು ಕಣ್ಣಲ್ಲಿತ್ತು.

ಭಟ್ಟರು ಇನ್ನೂ ಫೋನಿನಲ್ಲಿದ್ದರು. "ಬೇಕಾರೆ ಸಂಜೆ ಪೂಜೆಗ್ ಇನ್ನೊಂದ್ ಸಲ ಕೇಂತೆ. ಸರಿಯಾಗಿ ಒಂದೇ ಪ್ರಶ್ನೆ ಹೇಳಿ."

"ಹೌದು, ಹಾಗೇ ಮಾಡುವ" ಅಂದ ಗಣೇಶ.

ಪಚ್ಚು ಫೋನು ಕೈಗೆ ತಗೊಂಡಳು. "ಬೇಡ ಭಟ್ರೇ. ದೇವರು ಒಂದ್ಸಲ ಹೇಳಿ ಆಯ್ತಲ್ಲ. ಮತ್ತೆ ಕೇಳಿದರೆ, ನೀವು ಹೇಳಿದ್ದು ನಮಗೆ ಇಷ್ಟ ಆಗಲಿಲ್ಲ ಅಂತ ಅರ್ಥ ಆಗುತ್ತೆ. ಎರಡೂ ಒಳ್ಳೇದು ಅಂತ ಹೇಳಿದ್ದಾರೆ. ಇನ್ನು ಮುಂದಿನ ಕೆಲಸ ನನ್ನದು."

 ಆ ಕಡೆಯಿಂದ ಭಟ್ಟರ ನಗು ಕೇಳಿಸಿತು. "ಗಣೇಶಾ, ನಿನ್ ಮಗ್ಳ್ ವಕೀಲ್ತಿ ಆಯ್ಕಿತ್ತ್ ಕಾಣ್" ಅಂತ ಫೋನು ಇಟ್ಟರು.

ಅವಳ ಮಾತಿನಲ್ಲಿ ಸೊಕ್ಕು ಇರಲಿಲ್ಲ.   ಅವಳು ಅಪ್ಪನ ಹತ್ತಿರ ಹೋಗಿ, "ಪಪ್ಪಾ, ನಿಮ್ಮ ಬಲ ನಾಳೆ ನೋಡಿ ಬರ್ತೇನೆ, ಮಮ್ಮಿಯ ಬಲ ನಾಡಿದ್ದು. ಎರಡನ್ನೂ ಸರಿಯಾಗಿ ನೋಡದೆ ಹೇಗೆ ಹೇಳೋದು?" ಅಂದಳು. "ಅಜ್ಜಿ ನನ್ನ ಜೊತೆ ಬರಲಿ. ಅಜ್ಜಿ ಯಾರ ಪಾರ್ಟಿಯೂ ಅಲ್ಲ."

ಶನಿವಾರ ವಡೋದರಾಕ್ಕೆ ಹೋದೆವು. ನನಗೆ ಒಳಗೊಳಗೆ ಒಂದು ಅನುಮಾನವಿತ್ತು. ಇವಳು ಬೇಡ ಅನ್ನಲಿಕ್ಕೆ ಕಾರಣ ಹುಡುಕಲು ಹೋಗುತ್ತಿದ್ದಾಳೆ ಅಂತ. ಹಾಗಲ್ಲ. ಕಾಲೇಜಿನಲ್ಲಿ ಅವಳು ಮೆಟ್ಟಿಲಿನ ಮೇಲೆ ಕೂತ ಹುಡುಗಿಯರ ಜೊತೆ ಕೂತು ಮಾತಾಡಿದಳು. ಯಂತ್ರಗಳಿದ್ದ ದೊಡ್ಡ ಕೋಣೆಗೆ ಇಣುಕಿ, ಅಲ್ಲಿದ್ದವರನ್ನು ಕೇಳಿ ಒಳಗೆ ಹೋದಳು. ಹೊರಗೆ ಬಂದು, "ಅಜ್ಜಿ, ಇದು ತುಂಬ ಚೆನ್ನಾಗಿದೆ. ನಾನು ಇಷ್ಟು ಚೆನ್ನಾಗಿರುತ್ತೆ ಅಂದ್ಕೊಂಡಿರಲಿಲ್ಲ" ಅಂದಳು. ದನಿಯಲ್ಲಿ ಸ್ವಲ್ಪ ಬೇಸರವೇ ಇತ್ತು. ಕೆಟ್ಟದಾಗಿದ್ದರೆ ಸುಲಭವಾಗುತ್ತಿತ್ತಲ್ಲ.

ಕೊಯಾಲಿಯ ಟೌನ್‌ಶಿಪ್ಪು ನನಗೂ ಇಷ್ಟ. ನೆರಳಿನ ರಸ್ತೆ, ಮಕ್ಕಳ ಸೈಕಲ್ಲು, ಸಂಜೆಯಾದರೆ ದೂರದಲ್ಲಿ ರಿಫೈನರಿಯ ಚಿಮಣಿಯ ತುದಿಯಲ್ಲಿ ಉರಿಯುವ ಜ್ವಾಲೆ. ಕಿರಣನ ಹೆಂಡತಿ ಮೀರಾ ಹೊಸ ಪರದೆಯ ಕೋಣೆ ತೋರಿಸಿದಳು. ಮೇಜು, ದೀಪ, ಗೋಡೆಗೆ ಹೊಸ ಬಣ್ಣ. ಪಚ್ಚು ಮೇಜನ್ನು ಕೈಯಿಂದ ಸವರಿ, "ಚಿಕ್ಕಮ್ಮ, ಇಷ್ಟೆಲ್ಲ ಮಾಡಿದ್ದೀರಾ!" ಅಂತ ಅವಳನ್ನು ಅಪ್ಪಿಕೊಂಡಳು.

ಕಿರಣ ಓದಿದ್ದೂ ಇಂಜಿನಿಯರಿಂಗೇ. ಊಟದ ನಂತರ ಅವಳು ಅವನನ್ನು ಕೇಳಿದಳು. "ಚಿಕ್ಕಪ್ಪ, ಓದುವಾಗ ಇದನ್ನು ಬಿಟ್ಟು ಹೋಗೋಣ ಅಂತ ನಿಮಗೆ ಯಾವಾಗ ಅನಿಸಿತ್ತು?"

"ನನಗಾ? ಇಲ್ಲವೇ ಇಲ್ಲ."

"ಪ್ರತಿ ಸೋಮವಾರ ಅನ್ನಿಸ್ತದೆ ಅವರಿಗೆ, ಈಗಲೂ" ಅಂದಳು ಮೀರಾ ಒಳಗಿನಿಂದ.

ಕಿರಣ ನಕ್ಕ.  "ನೋಡು ಪಚ್ಚು, ನನಗೆ ಕೆಲಸ ಇಷ್ಟವೇ. ಆದರೆ ನಂಗೆ ಎಂತ ಓದ್ಬೇಕು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ರ ಉತ್ತರ ಇರ್ಲಿಲ್ಲ. ನಿನ್ನ ಹತ್ರ ಇದೆಯಾ?"

ಅವಳು ತಲೆಯಾಡಿಸಿದಳು, ಹೌದೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹೈದರಾಬಾದಿಗೆ ಹೋಗಿ ಬರುವಷ್ಟು ಸಮಯವಿಲ್ಲ, ಅಲ್ಲಿ ಓದಿದವಳನ್ನಾದರೂ ಕಾಣೋಣ ಅಂತ ಮರುದಿನ ಬೆಳಿಗ್ಗೆ ಅಹಮದಾಬಾದ್. ಅಲ್ಲಿ ನಮ್ಮ ಪೈಕಿಯ ರಜನಿ ಇದ್ದಾಳೆ. ಅವಳ ತಂದೆ ನರೋಡಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ರಜನಿ ಅದೇ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದಿ, ಈಗ ಅಹಮದಾಬಾದಿನಲ್ಲಿ ಸರಕಾರದ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಅವಳನ್ನು ಫ್ರಾಕಿನಲ್ಲಿ ನೋಡಿದವಳು. ಈಗ ಕೂದಲಲ್ಲಿ ಬಿಳಿ ಎಳೆ. ಆದರೂ ನನ್ನ ಕಾಲಿಗೆ ಬಿದ್ದು, "ಸಾವಿತ್ರಮ್ಮ, ನಿಮ್ಮ ಬಿಸ್ಕುಟ್ ರೊಟ್ಟಿ ತಿನ್ನದೆ ಎಷ್ಟು ವರ್ಷ ಆಯ್ತ್!" ಅಂದಳು.

ಪಚ್ಚು ಅವಳಿಗೂ ಅದೇ ಪ್ರಶ್ನೆ ಹಾಕಿದಳು. ಒಂದಕ್ಷರ ಬದಲಿಸಲಿಲ್ಲ. ಬಿಟ್ಟು ಹೋಗೋಣ ಅಂತ ಯಾವಾಗ ಅನಿಸಿತ್ತು?

"ಮೊದಲ ತಿಂಗಳು ದಿನಾ" ಅಂದಳು ರಜನಿ. ಸುತ್ತಿಬಳಸಲಿಲ್ಲ. "ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳ್ತಿದ್ದೆ, ಯಾರಿಗೂ ಕೇಳಿಸಬಾರದು ಅಂತ. ಒಂದು ದಿನ ಪಕ್ಕದ ಬಚ್ಚಲಲ್ಲೂ ಹೀಗೇ ನಲ್ಲಿ ಸುಮ್ಮನೆ ಹರಿಯುತ್ತಿತ್ತು. ನಾನು ನಿಲ್ಲಿಸಿದೆ, ಅವಳು ನಿಲ್ಲಿಸಿದಳು. ಇಬ್ಬರೂ ಹೊರಗೆ ಬಂದ್ವಿ. ಮಣಿಪುರದ ಹುಡುಗಿ. ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡ್ತಾಳೆ."

ಪಚ್ಚು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

"ಮತ್ತೆ ಸುಳ್ಳು ಹೇಳಲ್ಲ, ಮೆಸ್ಸಿನ ಊಟ ನಿನಗೆ ಹಿಡಿಸಲ್ಲ. ನೀನು ಹೋಟೆಲಿನವಳು. ಬೇಸಿಗೆ ಜೋರು. ಸರಕಾರಿ ಜಾಗ, ಒಂದು ಸಹಿಗೆ ನಾಲ್ಕು ಸಲ ಅಲೆಯಬೇಕು. ಆದರೆ ಸಂಜೆ ಅಲ್ಲಿನ ಬಂಡೆಗಳ ಮೇಲೆ ಕೂತರೆ ಇಡೀ ದೇಶದ ಮಕ್ಕಳು ಸುತ್ತ ಕೂತಿರುತ್ತಾರೆ. ಗುಡ್ಡಗಾಡಿನವರು, ಕಾಶ್ಮೀರದವರು, ಕೂಲಿಯವರ ಮಕ್ಕಳು, ಕಲೆಕ್ಟರನ ಮಕ್ಕಳು. ಓದು ಮುಗಿಸಿ ಹೊರಡುವಾಗ ನನಗೆ ಬರಲಿಕ್ಕೇ ಮನಸ್ಸಿರಲಿಲ್ಲ."

ಹಿಂದೆ ಬರುವ ರೈಲಿನಲ್ಲಿ ಪಚ್ಚು ಕಿಟಕಿಗೆ ತಲೆಯಾನಿಸಿ ಕೂತಳು. ಭರೂಚ್‌ನಲ್ಲಿ ನರ್ಮದೆಯ ಸೇತುವೆ ದಾಟುವಾಗ ಹೇಳಿದಳು. "ಅಜ್ಜಿ, ವಡೋದರಾದಲ್ಲಿ ನಾನು ಖುಷಿಯಾಗಿ ಇರ್ತೇನೆ. ಅದು ನಂಗೆ ಗೊತ್ತಾಯ್ತು. ಹೈದರಾಬಾದಿನಲ್ಲಿ ಮೊದಲು ಅಳ್ತೇನೆ. ಅದೂ ಗೊತ್ತಾಯ್ತು."

"ಹಂಗಾರೆ?"

"ಆ ಕಾಲೇಜಿನಲ್ಲಿ ಎಲ್ಲ ನೋಡಿದೆನಲ್ಲ, ಆಗ ನನ್ನ ಪಕ್ಕ ಒಬ್ಬ ಹುಡುಗಿ ಇದ್ದಳು. ಅವಳು ಯಂತ್ರ ನೋಡ್ತಾ ಇದ್ದಳು. ನಾನು ಅವಳ ಮಾತು ಕೇಳ್ತಾ ಇದ್ದೆ, ಕಛ್ ಕಡೆಯ ಗುಜರಾತಿ. ಯಂತ್ರದ ಬಗ್ಗೆ ಅವಳು ಏನು ಹೇಳಿದಳು ಅಂತ ಒಂದೂ ನೆನಪಿಲ್ಲ." ಅವಳು ನನ್ನ ಕಡೆ ತಿರುಗಿದಳು. "ನಾನು ಹೋಗ್ಬೇಕು ಅಜ್ಜಿ."

ನಾನು ಅವಳ ತಲೆ ಸವರಿದೆ.  ನನ್ನ ಕಾಲದಲ್ಲಿ ನಮ್ಮನ್ನು ರೈಲಿಗೆ ಹತ್ತಿಸುತ್ತಿದ್ದರು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುತ್ತಿದ್ದೆವು. ತನ್ನ ಮನಸ್ಸನ್ನು ಹೀಗೆ ಎದುರಿಗೆ ಕೂರಿಸಿ ವಿಚಾರಿಸಿದ ಹೆಣ್ಣುಮಗಳನ್ನು ನಾನು ನೋಡಿದ್ದು ಇದೇ ಮೊದಲು.

"ಆದರೆ ಒಂದು ಇದೆ" ಅಂದಳು. "ಪಪ್ಪನ ನಿಜವಾದ ಚಿಂತೆ ಹೈದರಾಬಾದ್ ಅಲ್ಲ."

ಅದನ್ನು ಅವಳು ಸೋಮವಾರ ಮಧ್ಯಾಹ್ನ ಹೇಳಿದಳು. ಹೋಟೆಲಿನಲ್ಲಿ ಜನ ಕಡಿಮೆಯಾದ ಹೊತ್ತು, ನಾವು ನಾಲ್ವರೂ ಊಟಕ್ಕೆ ಕೂತಿದ್ದೆವು. ಗಣೇಶ ಬೆಳಿಗ್ಗೆಯಿಂದ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಪಪ್ಪಾ, ನನಗೆ ಹೈದರಾಬಾದಿಗೆ ಹೋಗ್ಬೇಕು. ನೀವು ಬೇಡ ಅನ್ನಬಹುದು. ಆದರೆ ಅದಕ್ಕೆ ಮೊದಲು ಒಂದು ಹೇಳಿ. ನಾನು ಹೋದರೆ ಸಂಜೆ ಗಲ್ಲಾದಲ್ಲಿ ಯಾರು ಕೂರ್ತಾರೆ?"

ಗಣೇಶ ಕೈ ತೊಳೆಯಲು ಎದ್ದವನು ಹಾಗೇ ನಿಂತ. "ಅದಲ್ಲ ವಿಷಯ."

"ಅದೇ ವಿಷಯ. ವಡೋದರಾ ಆದರೆ ಶನಿವಾರ, ಭಾನುವಾರ ನಾನು ಬರ್ತೇನೆ, ಕೂರ್ತೇನೆ. ಉಳಿದ ದಿನ ಹೇಗೋ ಆಗುತ್ತೆ. ಹೈದರಾಬಾದ್ ಆದರೆ ಇಲ್ಲ. ನೀವು ಒಳಗೆ ಭಟ್ಟಿ ನೋಡ್ಬೇಕು, ಹೊರಗೆ ಗಲ್ಲಾ ನೋಡ್ಬೇಕು. ರಾತ್ರಿ ನಿಮ್ಮ ಕಾಲು ಎಷ್ಟು ಊದಿರುತ್ತೆ ಅಂತ ನಾನು ನೋಡಿಲ್ವಾ? ಅದನ್ನು ಹಾಗೇ ಬಿಟ್ಟು ನಾನು ಹೋಗಲ್ಲ."

ಗಣೇಶ ಮತ್ತೆ ಕೂತ. ಮಗಳು ಇದನ್ನು ಇಷ್ಟು ಸರಿಯಾಗಿ ಕಂಡಿದ್ದಾಳೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳುವ ಹುಡುಗನಲ್ಲ ಅವನು. "ಜನ ಇಟ್ಟು ನೋಡಿದ್ದೇವಲ್ಲ, ಎರಡು ಸಲ. ನಿಲ್ಲಲಿಲ್ಲ" ಅಂದ ಮೆಲ್ಲಗೆ.

"ನಾನು ಕೂರ್ತೇನೆ" ಅಂದಳು ಸೌಮ್ಯಾ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹೋಟೆಲಿನಲ್ಲಿ ಸೊಸೆಯಂದಿರು ಗಲ್ಲಾಕ್ಕೆ ಕೂರುವ ಪದ್ಧತಿಯಿಲ್ಲ. ಮಗಳು ಕೂರಬಹುದು, ಅಪ್ಪನ ತೊಡೆಯ ಮೇಲೆ ಕೂತು ಅಲ್ಲೇ ದೊಡ್ಡವಳಾದವಳು. ಸೊಸೆಗೆ ಅಡುಗೆಮನೆ. ಯಾರೂ ನಿಯಮ ಮಾಡಿದ್ದಲ್ಲ, ಹಾಗೇ ನಡೆದು ಬಂದದ್ದು.

"ನೀನಾ?" ಅಂದ ಗಣೇಶ. "ಆ ಗದ್ದಲದಲ್ಲಿ? ನಿಂಗೆ ಸರಿಯಾಗಿ ಹಿಂದಿಯೇ ಬರುವುದಿಲ್ಲ. ಅವರು ಒಡಿಯಾದಲ್ಲಿ ಕೇಳ್ತಾರೆ, ಭೋಜಪುರಿಯಲ್ಲಿ ಬೈತಾರೆ."

"ಇಡ್ಲಿ ಅಂದರೆ ಎಲ್ಲ ಭಾಷೆಯಲ್ಲೂ ಇಡ್ಲಿಯೇ ಅಲ್ವಾ? ಬೈದರೆ ನಂಗೆ ಅರ್ಥ ಆಗದಿದ್ದರೆ ಒಳ್ಳೆದೇ."

ನಾನು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. "ಪ್ಲೇಗಿನ ವರ್ಷ ನಾನ್ ಕೂತಿದ್ದೆ ಗಣೇಶ" ಅಂದೆ. "ಹೆದರಿ ಎಲ್ಲ ಊರು ಬಿಟ್ಟ್ ಓಡಿದ್ರಲ್ದಾ? ಕೆಲ್ಸದವ್ರೂ ಹೋದ್ರ್. ನಿನ್ನ ಅಪ್ಪ ಒಳ್ಗೆ ಬೇಯಿಸುದ್, ನಾನ್ ಹೊರ್ಗೆ ಗಲ್ಲಾದಲ್ಲಿ. ಜನ ವಾಪಾಸ್ ಬಂದ ಮೇಲೆ ನಾನ್ ಒಳ್ಗೆ ಹೋದೆ. ಆಕಾಶ ಎಂತ ಬೀಳ್ಲಿಲ್ಲ."

"ಅಮ್ಮ, ಆಗ ಗಿರಾಕಿಗಳೇ ಇರಲಿಲ್ಲ!"

"ಇದ್ದ ನಾಲ್ಕು ಜನಕ್ಕೆ ಚಿಲ್ಲರೆ ಸರಿ ಕೊಟ್ಟಿದ್ದೆ."

ಪಚ್ಚು ನಕ್ಕುಬಿಟ್ಟಳು. ಗಣೇಶನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಸೌಮ್ಯಾಳ ಮುಖವನ್ನೇ ನೋಡುತ್ತ ಕೂತ. ಇಪ್ಪತ್ತು ವರ್ಷ ಜೊತೆಗೆ ದುಡಿದವಳನ್ನು ಹೊಸದಾಗಿ ನೋಡುವ ಹಾಗೆ.

"ಇವತ್ತು ಒಂದು ಸಂಜೆ ನೋಡುವ" ಅಂದ.

"ನಾನೂ ನೋಡ್ತೇನೆ" ಅಂದಳು ಪಚ್ಚು. "ಗಿರಾಕಿಯ ಹಾಗೆ ಕೂತು. ಮಮ್ಮಿ, ನೀವು ಕರೆದರೂ ನಾನು ಏಳಲ್ಲ. ಇದು ನಡೆಯುತ್ತೆ ಅಂತ ಕಂಡರೆ ಮಾತ್ರ ಒಪ್ಪಿಗೆ ಒತ್ತುತ್ತೇನೆ."

ಎಂಥ ಹುಡುಗಿ! ತನ್ನ ಆಸೆಯನ್ನು ತಾನೇ ತಕ್ಕಡಿಗೆ ಹಾಕಿ, ಅದನ್ನು ಅಮ್ಮನ ಕೈಗೆ ಕೊಟ್ಟಳು.

ಸಂಜೆಯಾಯಿತು. ಸೌಮ್ಯಾ ಮುಖ ತೊಳೆದು, ಸೀರೆಯ ಸೆರಗು ಬಿಗಿದು ಸಿಕ್ಕಿಸಿ, ಗಲ್ಲಾದ ಕುರ್ಚಿಯಲ್ಲಿ ಕೂತಳು. ಕುರ್ಚಿ ಅವಳಿಗೆ ಎತ್ತರವಾಯಿತು, ಕಾಲಡಿಗೆ ಒಂದು ಹಾಲಿನ ಕ್ರೇಟು ಇಟ್ಟುಕೊಂಡಳು. ಪಚ್ಚು ನೀರಿನ ಡ್ರಮ್ಮಿನ ಪಕ್ಕದ ಮೇಜಿನಲ್ಲಿ ಒಂದು ಪ್ಲೇಟು ಇಡ್ಲಿ ಇಟ್ಟುಕೊಂಡು ಕೂತಳು. ಫೋನು ಮೇಜಿನ ಮೇಲೆ ಮಗುಚಿ ಇಟ್ಟಿದ್ದಳು.

ಮಿಲ್ಲು ಬಿಟ್ಟಿತು. ಜನ ನುಗ್ಗಿದರು. ಗಲ್ಲಾದಲ್ಲಿ ಬೇರೆ ಮುಖ ಕಂಡು ಮೊದಲ ಸಾಲು ತಡೆಯಿತು, ಹಿಂದಿನವರು ದೂಡಿದರು. ಸೌಮ್ಯಾ ಒಬ್ಬನಿಗೆ ವಡೆಯ ಟೋಕನ್ ಕೊಡುವಲ್ಲಿ ದೋಸೆಯದು ಕೊಟ್ಟಳು. ಚಿಲ್ಲರೆ ಕೈಜಾರಿ ನೆಲಕ್ಕೆ ಚೆಲ್ಲಿತು. ಯಾರೋ ಹಿಂದಿನಿಂದ ಜೋರಾಗಿ ಏನೋ ಕೂಗಿದ. ಪಚ್ಚು ಅರ್ಧ ಎದ್ದಳು. ಮತ್ತೆ ಕೂತಳು. ಎರಡೂ ಕೈ ತೊಡೆಯ ಅಡಿಗೆ ಹಾಕಿ ಕೂತಳು. ಅಡುಗೆಮನೆಯ ಬಾಗಿಲಲ್ಲಿ ಗಣೇಶ, ಕೈಯಲ್ಲಿ ಸಾಂಬಾರಿನ ಸೌಟು, ಹೊರಗೆ ಬರುವುದೋ ಬೇಡವೋ ಅಂತ ನಿಂತಿದ್ದ. ನಾನು ಅವನ ಅಂಗಿಯ ತುದಿ ಹಿಡಿದುಕೊಂಡೆ.

ಸೌಮ್ಯಾ ಎದ್ದು ನಿಂತಳು. ಅಂಗೈ ಮೇಲೆತ್ತಿ, ನಮ್ಮ ಕನ್ನಡದಲ್ಲೇ, ಮನೆಯ ಮಕ್ಕಳನ್ನು ಗದರಿಸುವ ಹಾಗೆ, "ತಡೀರಿ! ಒಬ್ಬೊಬ್ಬರಾಗಿ ಬನ್ನಿ! ಯಾರನ್ನೂ ಉಪವಾಸ ಕಳಿಸುವುದಿಲ್ಲ!" ಅಂದಳು.

ಒಂದು ಶಬ್ದವೂ ಅವರಿಗೆ ತಿಳಿದಿರಲಿಕ್ಕಿಲ್ಲ. ಆದರೆ ತಾಯಿಯ ದನಿ ಯಾರಿಗೆ ತಿಳಿಯುವುದಿಲ್ಲ? ಸಾಲು ತಾನಾಗಿ ನೆಟ್ಟಗಾಯಿತು. ಮುಂದಿದ್ದವನು ಬಗ್ಗಿ ಚೆಲ್ಲಿದ ಚಿಲ್ಲರೆ ಹೆಕ್ಕಿ ಗಲ್ಲಾದ ಮೇಲಿಟ್ಟ. ಅವಳು ಬೆರಳಿನಿಂದ ಕೇಳಿದಳು, ಅವರು ಬೆರಳಿನಿಂದ ಹೇಳಿದರು. ಪಚ್ಚುವಿನಷ್ಟು ಬೇಗ ಅಲ್ಲ. ಆದರೆ ನಡೆಯಿತು. ಸೌಮ್ಯಾಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ನಾನು ಅವಳ ಮದುವೆಯ ದಿನವೂ ಕಾಣದ ಒಂದು ಗಟ್ಟಿತನ.

ಗುಂಪು ಕರಗುತ್ತ ಬಂದಾಗ ಗಂಜಾಮಿನ ಆ ಮುದುಕ ಗಲ್ಲಾದ ಎದುರು ನಿಂತ. ಪಚ್ಚು ನೀರಿನ ಡ್ರಮ್ಮಿನ ಮರೆಯಲ್ಲಿದ್ದುದು ಅವನಿಗೆ ಕಾಣಲಿಲ್ಲ. "ಬಹೂ, ಬೇಟೀ ಕಹಾಂ ಗಯೀ?" ಅಂತ ಕೇಳಿದ, ಮಗಳು ಎಲ್ಲಿ ಹೋದಳು ಅಂತ.

ಸೌಮ್ಯಾ ಮಗಳ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದಳು. "ಹೈದರಾಬಾದ್ ಜಾತೀ ಹೈ. ಪಢ್ನೇ ಕೋ. ಆಪ್ ಲೋಗ್ ಕಾ ಬಾತ್ ಪಢ್ನೇ ಕೋ."

ಹೈದರಾಬಾದಿಗೆ ಹೋಗ್ತಾಳೆ, ನಿಮ್ಮ ಮಾತನ್ನು ಓದಲಿಕ್ಕೆ. ಮುದುಕ ಅರ್ಥವಾಗದೆ, "ಹಮಾರಾ ಬಾತ್?" ಅಂದ. ಆಮೇಲೆ ನಿಧಾನವಾಗಿ ಅರ್ಥವಾಗಿ, ತನ್ನ ಎದೆಯ ಮೇಲೆ ಕೈಯಿಟ್ಟು ಸುತ್ತಲಿನವರನ್ನೆಲ್ಲ ನೋಡಿದ, ತನಗೇ ಏನೋ ಪದವಿ ಸಿಕ್ಕಿದ ಹಾಗೆ.

ಪಚ್ಚು ಫೋನು ತಿರುಗಿಸಿದಳು. ಇಡ್ಲಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಒಮ್ಮೆ ಉಸಿರು ಬಿಟ್ಟು, ಒಪ್ಪಿಗೆ ಒತ್ತಿದಳು.

ಗಣೇಶ ನನ್ನ ಕೈಯಿಂದ ಅಂಗಿ ಬಿಡಿಸಿಕೊಂಡು ಹೊರಗೆ ಹೋದ. ಮಗಳ ಎದುರು ಕುರ್ಚಿ ಎಳೆದು ಕೂತ. "ಅಲ್ಲಿಗೆ ರೈಲು ಎಷ್ಟು ಹೊತ್ತಿಗೆ?" ಅಂದ. "ಮೊದಲ ಸಲ ನಾನೇ ಬಿಟ್ಟು ಬರ್ತೇನೆ. ರಜನಿ ಹೇಳಿದ ಆ ಬಂಡೆ ಎಲ್ಲ ಎಲ್ಲಿದೆ ಅಂತ ನಂಗೂ ತೋರಿಸ್ಬೇಕು."

ಪಚ್ಚು ತಲೆಯಾಡಿಸಿದಳು. ಗಲ್ಲಾದಿಂದ ಸೌಮ್ಯಾ ಕೂಗಿದಳು. "ಹ್ವಾಯ್, ಅಪ್ಪ ಮಗಳು ಆಮೇಲೆ ಮಾತಾಡಿ. ಆರನೇ ಮೇಜಿಗೆ ಇನ್ನೂ ದೋಸೆ ಬರಲಿಲ್ಲ!"

ಗಣೇಶ ಎದ್ದು ಒಳಗೆ ಓಡಿದ.